ಆಟೋಕ್ಯಾಡ್ ಆರ್14: ಗೆರೆ ಹಳತಾಗಲಿಲ್ಲ, ಕಡತ ಹಳತಾಯಿತು

ಬಂಡ್ರಿಯಲ್ಲೊಂದು ಶಾಲಾ ಕೊಠಡಿ ಕಟ್ಟಬೇಕೆನ್ನಿ. ಅದರ ನಕ್ಷೆಗೆ 1997ರ ಆಟೋಕ್ಯಾಡ್ ಆರ್14 ತಂತ್ರಾಂಶವೇ ಧಾರಾಳ. 'ಎಲ್' ಎಂದರೆ ಗೆರೆ, 'ಒ' ಎಂದರೆ ಸಮಾಂತರ ಗೆರೆ, 'ಟಿಆರ್' ಎಂದರೆ ಹೆಚ್ಚಾದ ತುದಿಗೆ ಕತ್ತರಿ. ಈ ಆದೇಶಗಳು ಇಂದಿನ ಆವೃತ್ತಿಯಲ್ಲೂ ನಡೆಯುತ್ತವೆ. ಹಳೆಯದೆಂದು ಅದನ್ನು ಹಳಿಯುವುದು ಸರಿಯಲ್ಲ.

ತೊಡಕಿರುವುದು ಕಡತದಲ್ಲಿ. 1999ರಲ್ಲಿ ಬಂದ ಆಟೋಕ್ಯಾಡ್ 2000, ಕಡತದ ರಚನೆಯನ್ನೇ ಬದಲಿಸಿತು. ಡಿಡಬ್ಲ್ಯುಜಿ ಕಡತವೊಂದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಮೊದಲ ಆರು ಅಕ್ಷರಗಳನ್ನು ನೋಡಿ. ಎಸಿ1014 ಎಂದಿದ್ದರೆ ಆರ್14ರದು. ಎಸಿ1015 ಎಂದಿದ್ದರೆ 2000ದಿಂದ 2002ರವರೆಗಿನ ಆವೃತ್ತಿಗಳದು. ಹೊಸದು ಹಳೆಯದನ್ನು ಓದುತ್ತದೆ, ಹಳೆಯದು ಹೊಸದನ್ನು ಓದದು. ಜೊತೆಯ ಎಂಜಿನಿಯರ್ ಹೊಸ ಆವೃತ್ತಿಗೆ ಹೋದರೆ ನೀವೂ ಹೋಗಬೇಕು, ಇಲ್ಲವೇ ಅವರು ಪ್ರತಿಸಲ ಹಳೆಯ ರೂಪಕ್ಕೆ ಇಳಿಸಿ ಕೊಡಬೇಕು. ಹಾಗೆ ಇಳಿಸಿದಾಗ, 2000ದಲ್ಲಿ ಸೇರಿದ ಗೆರೆದಪ್ಪದಂತಹ ಗುಣಗಳು ಆರ್14ರಲ್ಲಿ ಕಾಣವು. 2016ರಲ್ಲಿ ಆಟೋಡೆಸ್ಕ್ ಶಾಶ್ವತ ಪರವಾನಗಿಯ ಮಾರಾಟವನ್ನೂ ನಿಲ್ಲಿಸಿತು. ಈಗಿರುವುದು ಚಂದಾ ಪದ್ಧತಿ. ಹಳ್ಳಿಯ ನಕ್ಷೆಗಾರನಿಗೆ ಇದು ಹಗುರದ ಹೊರೆಯಲ್ಲ!

ಕನ್ನಡದ ಕಷ್ಟ ಬೇರೆ. ಯೂನಿಕೋಡ್‌ಗೆ ಮುಂಚಿನ 'ನುಡಿ' ಅಕ್ಷರಶೈಲಿಗಳು ರೋಮನ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ತುಣುಕುಗಳನ್ನು ಹೊಂದಿಸಿದ್ದವು. ಆ ಶೈಲಿಯಿಲ್ಲದ ಗಣಕದಲ್ಲಿ 'ಬಿಸಿಯೂಟದ ಕೋಣೆ' ಅರ್ಥವಿಲ್ಲದ ರೋಮನ್ ಸಾಲಾಗುತ್ತದೆ. ಗೋಡೆ ಉಳಿಯುತ್ತದೆ, ಹೆಸರು ಹೋಗುತ್ತದೆ. ಹಂಪಿಯ ಅವಶೇಷಗಳನ್ನು ಜಾನ್ ಫ್ರಿಟ್ಜ್, ಜಾರ್ಜ್ ಮಿಚೆಲ್ ತಂಡ 1980ರ ದಶಕದಲ್ಲಿ ಕಾಗದದ ಮೇಲೆ ಬರೆದ ನಕ್ಷೆಗಳಿಗೆ ಈ ಬಾಧೆಯಿಲ್ಲ.

ನಿಮ್ಮಲ್ಲಿ ಹಳೆಯ ನಕ್ಷೆಗಳಿದ್ದರೆ ಡಿಎಕ್ಸ್‌ಎಫ್ ರೂಪದಲ್ಲೂ ಉಳಿಸಿಕೊಳ್ಳಿ. ಅದರ ರಚನೆ ಪ್ರಕಟವಾಗಿದೆ. ಲಿಬ್ರೆಕ್ಯಾಡ್‌ನಂತಹ ಉಚಿತ ತಂತ್ರಾಂಶವೂ ಓದಬಲ್ಲದು. ಕನ್ನಡದ ಹೆಸರುಗಳನ್ನು ಮಾತ್ರ ಬೇರೆಯಾಗಿ ಯೂನಿಕೋಡಿಗೆ ಪರಿವರ್ತಿಸಬೇಕಾಗುತ್ತದೆ.