ಬೆನ್ನು ಹೇಳುವ ಸಾಕ್ಷಿ

ಪಶ್ಚಿಮ ಬೆಂಗಳೂರಿನ ರಾಜಾಜಿನಗರದಲ್ಲೋ ವಿಜಯನಗರದಲ್ಲೋ ‘ನರ್ಸಿಂಗ್ ಹೋಮ್’ ಎಂದರೆ ಜನಕ್ಕೆ ನೆನಪಾಗುವುದು ಹೆರಿಗೆ, ಅಪೆಂಡಿಕ್ಸ್ ಆಪರೇಷನ್, ಡ್ರಿಪ್ಸ್ ಹಾಕಿಸಿಕೊಂಡು ಮೂರು ದಿನ ಮಲಗಿ ಎದ್ದು ಬಂದದ್ದು. ಬಡಾವಣೆಯ ಅರ್ಧ ಮಕ್ಕಳು ಹುಟ್ಟಿದ್ದೇ ಅಂಥ ಸಣ್ಣ ಆಸ್ಪತ್ರೆಗಳಲ್ಲಿ. ಇಂಗ್ಲೆಂಡ್, ಅಮೆರಿಕಗಳಲ್ಲಿ ಇದೇ ಮಾತಿಗೆ ಅರ್ಥ ಬೇರೆ. ಕೈಕಾಲು ಆಡದ ಹಿರಿಯರು ಕೊನೆಯವರೆಗೂ ಇರುವ ಮನೆಗೆ ಅಲ್ಲಿ ಆ ಹೆಸರು. ನಮ್ಮಲ್ಲಿ ಅಂಥ ಮನೆಗೆ ನಿಂತ ಹೆಸರೇ ಇಲ್ಲ. ಒಂದು ಬೋರ್ಡಿನಲ್ಲಿ ‘ಎಲ್ಡರ್ ಕೇರ್’, ಇನ್ನೊಂದರಲ್ಲಿ ‘ಅಸಿಸ್ಟೆಡ್ ಲಿವಿಂಗ್’, ಮತ್ತೊಂದರಲ್ಲಿ ‘ಹಿರಿಯರ ಪಿ.ಜಿ.’. ವೃದ್ಧಾಶ್ರಮ ಎಂದು ಬರೆದರೆ ಮಕ್ಕಳಿಗೆ ಮುಜುಗರ.

ಹೆಸರಿನ ಗೊಂದಲ ಬೋರ್ಡಿಗೇ ಮುಗಿದಿದ್ದರೆ ಚಿಂತೆ ಇರಲಿಲ್ಲ. ಕರ್ನಾಟಕದಲ್ಲಿ ಖಾಸಗಿ ನರ್ಸಿಂಗ್ ಹೋಮುಗಳ ನಿಯಂತ್ರಣಕ್ಕೆ 1976ರಲ್ಲೇ ಕಾಯ್ದೆ ಬಂತು. ಅದರ ಜಾಗಕ್ಕೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಕೆಪಿಎಂಇ ಬಂತು. 2017ರಲ್ಲಿ ಅದಕ್ಕೆ ತಿದ್ದುಪಡಿ ತರಹೊರಟಾಗ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು ಹಲವರಿಗೆ ನೆನಪಿರಬಹುದು. ನೋಂದಣಿ ಪತ್ರ ಕಾಣುವಂತೆ ತೂಗುಹಾಕಬೇಕು, ದರಪಟ್ಟಿ ಹಾಕಬೇಕು, ದೂರು ಕೇಳಲು ಜಿಲ್ಲಾ ಪ್ರಾಧಿಕಾರ ಇರಬೇಕು ಎಂಬುದೆಲ್ಲ ಅದರಲ್ಲಿದೆ. ಆದರೆ ಇದೆಲ್ಲ ಚಿಕಿತ್ಸೆ ಕೊಡುವ ಜಾಗವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಚಿಕಿತ್ಸೆ ಮುಗಿದು ಆರೈಕೆ ಮಾತ್ರ ಉಳಿದಿರುವ ಮುದುಕಿಯೊಬ್ಬಳ ದಿನಗಳನ್ನು ಅಳೆಯುವ ಕೋಲು ಅದರಲ್ಲಿಲ್ಲ. ಹಿರಿಯರ ಆರೈಕೆ ಮನೆಗಳೆಲ್ಲ ನೋಂದಣಿಯಾಗಬೇಕು, ಅವುಗಳಿಗೆ ಕನಿಷ್ಠ ಗುಣಮಟ್ಟ ಇರಬೇಕು ಎಂದ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂತು. ಸ್ಥಾಯಿ ಸಮಿತಿ ಅದನ್ನು ನೋಡಿ ವರದಿಯನ್ನೂ ಕೊಟ್ಟಿತು. 2024ರಲ್ಲಿ ಆ ಲೋಕಸಭೆಯ ಅವಧಿಯೊಂದಿಗೆ ಮಸೂದೆಯೂ ಮುಗಿಯಿತು.

ಹಾಗಾಗಿ ಅಳತೆಯ ಕೆಲಸ ಮನೆಯವರ ಕಣ್ಣಿಗೆ ಬಿದ್ದಿದೆ. ಆ ಕಣ್ಣು ನೋಡುವುದೇನು? ಬಸವೇಶ್ವರನಗರದ ನಲವತ್ತು-ಅರವತ್ತರ ಸೈಟಿನ ಹಳೆ ಮನೆಯೊಂದನ್ನು ಇಂಥ ಕೇಂದ್ರವಾಗಿ ಮಾಡಿದ್ದಾರೆ ಎನ್ನಿ. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಮಗ-ಸೊಸೆ ಬರುತ್ತಾರೆ. ನೆಲ ಫಳಫಳ, ಹಾಲಿನಲ್ಲಿ ದೊಡ್ಡ ಟಿವಿ, ಮೂಲೆಯಲ್ಲಿ ದೇವರ ಮನೆ, ಗೋಡೆಗೆ ಕ್ಯಾಮೆರಾ, ಸ್ನಾನ ಮಾಡಿಸಿ ಹೂ ಮುಡಿಸಿ ಕೂರಿಸಿದ ಅಜ್ಜಿಯರು. ಇಷ್ಟು ನೋಡಿ ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ಕಲ್ಯಾಣಮಂಟಪ ಬುಕ್ ಮಾಡುವಾಗ ಇದಕ್ಕಿಂತ ಹೆಚ್ಚು ಪ್ರಶ್ನೆ ಕೇಳುವ ಜನ ಇವರು.

ಆರೈಕೆಯ ಗುಣಮಟ್ಟವನ್ನು ಹೇಗೆ ನೋಡಬೇಕು ಎಂಬುದಕ್ಕೆ ಅವೆಡಿಸ್ ಡೊನಬೇಡಿಯನ್ ಎಂಬ ವೈದ್ಯ 1966ರಲ್ಲಿ ಒಂದು ದಾರಿ ತೋರಿಸಿದ. ಏನಿದೆ, ಏನು ಮಾಡುತ್ತಾರೆ, ಕೊನೆಗೆ ಏನಾಯಿತು, ಈ ಮೂರನ್ನೂ ನೋಡಬೇಕು ಎಂದ. ಭಾನುವಾರದ ಭೇಟಿಯಲ್ಲಿ ಕಾಣುವುದು ಮೊದಲನೆಯದು ಮಾತ್ರ. ಎರಡನೆಯದು ರಿಜಿಸ್ಟರಿನಲ್ಲಿರುತ್ತದೆ. ಮೂರನೆಯದು ಮಲಗಿದವರ ಬೆನ್ನಿನ ಮೇಲೆ.

ಬೆನ್ನೆಂದರೆ ನಿಜಕ್ಕೂ ಬೆನ್ನೇ. ತಾನಾಗಿ ಮಗ್ಗುಲು ತಿರುಗಲಾರದವರಿಗೆ ಸೊಂಟದ ಕೆಳಗಿನ ಮೂಳೆ, ಪಿರ್ರೆ, ಹಿಮ್ಮಡಿ ಹಾಸಿಗೆಗೆ ಒತ್ತಿಕೊಂಡು ಅಲ್ಲಿ ರಕ್ತ ಓಡುವುದು ನಿಲ್ಲುತ್ತದೆ. ಮೊದಲು ಚರ್ಮ ಕೆಂಪಾಗುತ್ತದೆ. ಬೆರಳಲ್ಲಿ ಒತ್ತಿದರೂ ಆ ಕೆಂಪು ಬಿಳಚಿಕೊಳ್ಳದಿದ್ದರೆ ಬೆಡ್‌ಸೋರ್ ಶುರುವಾದಂತೆ. ಕೆಲವೇ ಗಂಟೆಗಳಲ್ಲಿ ಹುಟ್ಟುವ ಈ ಹುಣ್ಣು ವಾಸಿಯಾಗಲು ತಿಂಗಳುಗಳೇ ಬೇಕು. ಲಂಡನ್ನಿನ ನರ್ಸ್ ಡೊರೀನ್ ನಾರ್ಟನ್ 1962ರಲ್ಲಿ ವೃದ್ಧ ರೋಗಿಗಳ ಮೇಲೆ ಅಧ್ಯಯನ ಮಾಡಿ ಇದಕ್ಕೊಂದು ಅಂಕಪಟ್ಟಿ ಕೊಟ್ಟಳು. ದೇಹಸ್ಥಿತಿ, ಮನಸ್ಸಿನ ಸ್ಥಿತಿ, ಓಡಾಟ, ಕೈಕಾಲಿನ ಚಲನೆ, ಮಲಮೂತ್ರದ ಹಿಡಿತ, ಒಂದೊಂದಕ್ಕೂ ಒಂದರಿಂದ ನಾಲ್ಕು ಅಂಕ. ಮೊತ್ತ ಹದಿನಾಲ್ಕು ಅಥವಾ ಅದಕ್ಕಿಂತ ಕಡಿಮೆಯಾದರೆ ಅಪಾಯ. ಪೆನ್ನು-ಕಾಗದ ಇದ್ದರೆ ಐದು ನಿಮಿಷದ ಕೆಲಸ. ಅರವತ್ತು ವರ್ಷ ದಾಟಿದ ಈ ಪಟ್ಟಿಯನ್ನು ಹಿರಿಯರನ್ನು ಸೇರಿಸಿಕೊಳ್ಳುವ ದಿನವೇ ಬರೆದಿಡದ ಕೇಂದ್ರದವರು ಸಂಗೀತ ಚಿಕಿತ್ಸೆಯ ಬಗ್ಗೆ ಮಾತಾಡಿದರೆ ನಂಬಬೇಕಾಗಿಲ್ಲ.

ಹುಣ್ಣು ಬಾರದಿರಲು ಹಳೆಯ ಉಪಾಯ, ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಹೇಳಲು ಸುಲಭ, ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಒಂದು ಮನೆಯಲ್ಲಿ ಹಾಸಿಗೆ ಹಿಡಿದವರು ಹತ್ತು ಜನ, ರಾತ್ರಿ ಪಾಳಿಗೆ ಒಬ್ಬಳೇ ಆಯಾ ಎಂದಿಟ್ಟುಕೊಳ್ಳಿ. ಒಬ್ಬರನ್ನು ತಿರುಗಿಸಿ, ಡೈಪರ್ ಒದ್ದೆಯಾಗಿದ್ದರೆ ಬದಲಿಸಿ, ಚರ್ಮ ಒರೆಸಿ, ದಿಂಬು ಕೊಟ್ಟು ಮಲಗಿಸಲು ಹತ್ತು ನಿಮಿಷ ಬೇಕು. ಹತ್ತು ಜನಕ್ಕೆ ನೂರು ನಿಮಿಷ. ಮುಗಿಸಿ ಕೂರುವಷ್ಟರಲ್ಲಿ ಮುಂದಿನ ಸುತ್ತಿಗೆ ಇಪ್ಪತ್ತು ನಿಮಿಷ ಉಳಿದಿರುತ್ತದೆ. ಅಷ್ಟರಲ್ಲಿ ಯಾರೋ ಬಾತ್‌ರೂಮಿಗೆ ಏಳುತ್ತಾರೆ, ಯಾರೋ ಮನೆಗೆ ಹೋಗಬೇಕೆಂದು ಬಾಗಿಲು ಬಡಿಯುತ್ತಾರೆ. ಹಗಲು ಅಡುಗೆಗೂ ಕೈಹಾಕಿದ ಅದೇ ಹೆಂಗಸು ಇದನ್ನು ಬೆಳಗಿನ ಆರರವರೆಗೆ ಮಾಡುತ್ತಾಳೆ ಎಂದು ನಂಬುವುದಾದರೆ ಅದು ನಂಬುವವರ ಧೈರ್ಯ. ಭಾರದ ದೇಹವನ್ನು ಒಬ್ಬರೇ ಎಳೆದು ತಿರುಗಿಸಿದರೆ ಹಾಳೆಗೆ ಉಜ್ಜಿ ಚರ್ಮ ಹರಿಯುವುದು ಬೇರೆ.

ಏರ್ ಬೆಡ್ ಕೊಂಡುಕೊಟ್ಟಿದ್ದೇವಲ್ಲ ಎನ್ನುತ್ತಾರೆ ಮಕ್ಕಳು. ಅದು ಕರೆಂಟು ಇದ್ದಾಗ ನೆರವಿಗೆ ಬರುವ ವಸ್ತು. ಒದ್ದೆ ಡೈಪರ್ ಅದಕ್ಕೆ ಗೊತ್ತಾಗುವುದಿಲ್ಲ.

ಪಶ್ಚಿಮ ಬೆಂಗಳೂರಿನ ಸಣ್ಣ ಮನೆಗಳ ಪರವಾಗಿ ಹೇಳಬೇಕಾದ ಮಾತೂ ಇದೆ. ಹತ್ತು-ಹದಿನೈದು ಜನರ ಮನೆಯಲ್ಲಿ ಪ್ರತಿಯೊಬ್ಬರಿಗೂ ಹೆಸರಿರುತ್ತದೆ, ಬೆಡ್ ನಂಬರ್ ಅಲ್ಲ. ತಿಂಡಿಗೆ ಉಪ್ಪಿಟ್ಟು, ರಾತ್ರಿ ರಾಗಿ ಗಂಜಿ, ಏಕಾದಶಿಗೆ ಬೇರೆ ಫಲಾಹಾರ. ಗಿರಣಿ-ಕಾರ್ಖಾನೆಗಳಲ್ಲಿ ದುಡಿದು ಈ ಕಡೆ ಮನೆ ಕಟ್ಟಿದ ಪೀಳಿಗೆಗೆ ಕೆಂಗೇರಿಯಲ್ಲೋ ಹಂಪಿನಗರದಲ್ಲೋ ಕಿಟಕಿಯಾಚೆ ತರಕಾರಿ ಗಾಡಿಯ ಕೂಗು, ದೇವಸ್ಥಾನದ ಗಂಟೆ ಕೇಳಿಸುವುದು ಸಣ್ಣ ವಿಷಯವಲ್ಲ. ಊರಾಚೆಯ ರೆಸಾರ್ಟಿನಂಥ ಹಿರಿಯರ ವಿಲ್ಲಾಗಳಲ್ಲಿ ಇದು ಸಿಗದು. ಆದರೆ ಪ್ರೀತಿ ಇರುವ ಕಡೆ ದಾಖಲೆ ಇಲ್ಲ ಎಂಬುದೇ ಈ ಮನೆಗಳ ದೊಡ್ಡ ಕೊರತೆ. ಯಾರ ತೂಕ ಎಷ್ಟು ಇಳಿಯಿತು, ಯಾರು ಯಾವ ಹೊತ್ತಿಗೆ ಬಿದ್ದರು, ಯಾವ ಮಾತ್ರೆ ಯಾವಾಗ ನಿಂತಿತು, ಎಲ್ಲ ಒಬ್ಬ ಸಿಸ್ಟರ್ ತಲೆಯಲ್ಲಿರುತ್ತದೆ. ಆಕೆ ಕೆಲಸ ಬಿಟ್ಟು ಹೋದ ದಿನ ಹದಿನೈದು ಜನರ ಚರಿತ್ರೆಯೂ ಆಕೆಯ ಜೊತೆ ಬಸ್ಸು ಹತ್ತುತ್ತದೆ.

ಭಾಷೆಯ ಪ್ರಶ್ನೆಯೂ ಇಲ್ಲೇ ಬರುತ್ತದೆ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಪ್ರಕಾರ ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಮರೆವಿನ ಕಾಯಿಲೆ ಇದೆ. ಈ ಕಾಯಿಲೆಯಲ್ಲಿ ಆಮೇಲೆ ಕಲಿತ ಭಾಷೆಗಳು ಮೊದಲು ಜಾರಿ, ತಾಯ್ನುಡಿ ಕೊನೆಯವರೆಗೆ ಅಂಟಿಕೊಳ್ಳುವುದು ಸಾಮಾನ್ಯ. ಬ್ಯಾಂಕಿನಲ್ಲಿ ಇಂಗ್ಲಿಷ್, ಹಿಂದಿ ಮಾತಾಡಿಕೊಂಡು ನಿವೃತ್ತರಾದವರು ಈಗ ‘ನೀರಡಿಕೆ’ ಎನ್ನುತ್ತಾರೆ. ದೂರದ ರಾಜ್ಯದಿಂದ ಮೊನ್ನೆ ಬಂದ ಹುಡುಗನಿಗೆ ಅದು ತಿಳಿಯುವುದಿಲ್ಲ. ತಪ್ಪು ಆ ಹುಡುಗನದಲ್ಲ. ಹತ್ತಿಪ್ಪತ್ತು ಕನ್ನಡ ಪದಗಳನ್ನು ಅವನಿಗೆ ಕಲಿಸದ ಮಾಲೀಕರದು. ನೀರು, ನೋವು, ಚಳಿ, ಉಚ್ಚೆ, ಸಾಕು: ಇಷ್ಟು ಗೊತ್ತಿದ್ದರೆ ಎಷ್ಟೋ ‘ಗಲಾಟೆ ಪೇಷಂಟ್’ಗಳು ಸುಮ್ಮನಾಗುತ್ತಾರೆ.

ಸುಮ್ಮನಾಗಿಸಲು ಇನ್ನೆರಡು ಅಡ್ಡದಾರಿಗಳಿವೆ: ಕೈಯನ್ನು ಮಂಚಕ್ಕೆ ಬಟ್ಟೆಯಿಂದ ಕಟ್ಟುವುದು, ಸಂಜೆಯ ಮಾತ್ರೆ ಹೆಚ್ಚಿಸುವುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾನಸಿಕ ಆರೋಗ್ಯ ಸಂಸ್ಥೆಗಳಿಗೆ ಕಟ್ಟುವಿಕೆಯ ಬಗ್ಗೆ ಖಚಿತವಾಗಿ ಹೇಳಿದೆ. ಶಿಕ್ಷೆಯಾಗಿ ಕಟ್ಟುವಂತಿಲ್ಲ, ಸಿಬ್ಬಂದಿ ಸಾಲದೆಂಬ ಕಾರಣಕ್ಕೂ ಕಟ್ಟುವಂತಿಲ್ಲ. ಮಾತ್ರೆಯ ಸಂಗತಿಯಲ್ಲಿ, ಮರೆವಿರುವ ವೃದ್ಧರಿಗೆ ಕೆಲವು ಮನೋರೋಗದ ಔಷಧಿ ಕೊಟ್ಟರೆ ಸಾವಿನ ಅಪಾಯ ಹೆಚ್ಚು ಎಂದು ಅಮೆರಿಕದ ಔಷಧ ನಿಯಂತ್ರಕರು 2005ರಲ್ಲೇ ಎಚ್ಚರಿಸಿದ್ದರು. ಮಧ್ಯಾಹ್ನ ಮೂರಕ್ಕೆ ಹೋದಾಗಲೂ ಎಲ್ಲರೂ ತೂಕಡಿಸುತ್ತಿದ್ದರೆ ಅದನ್ನು ಶಾಂತ ವಾತಾವರಣ ಎಂದು ಮೆಚ್ಚಿಕೊಂಡು ಬರಬಾರದು.

ಬರೀ ಹಣದ ಕೊರತೆಯಿಂದ ಆರೈಕೆ ಕೆಡುತ್ತದೆ ಎನ್ನುವವರು ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರವನ್ನು ನೆನೆಯಬೇಕು. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ನಡೆಯುವ ಆ ಕೇಂದ್ರಕ್ಕೆ ಆಸ್ತಿ ತೆರಿಗೆಯ ಜೊತೆ ಶೇ 3ರ ಉಪಕರ ವಸೂಲಾಗುತ್ತದೆ. ಆದರೂ 2010ರ ಆಗಸ್ಟಿನಲ್ಲಿ ಕೆಲವೇ ದಿನಗಳಲ್ಲಿ ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಅದಕ್ಕೂ ಮೊದಲು ಆ ವರ್ಷವಿಡೀ ಸಾವುಗಳು ಆಗುತ್ತಲೇ ಇದ್ದವು. ಅವುಗಳನ್ನು ಒಟ್ಟಿಗೆ ಇಟ್ಟು ಕೂಡಿಸಿ ನೋಡುವವರು ಇರಲಿಲ್ಲ. ವೃದ್ಧರ ಮನೆಗೂ ಭಿಕ್ಷುಕರ ಕಾಲೊನಿಗೂ ಹೋಲಿಕೆ ಸರಿಯಲ್ಲ ಎಂದು ಕೆಲವರು ಮುಖ ಸಿಂಡರಿಸಬಹುದು. ಒಳಗಿದ್ದವರು ಹೊರಗೆ ಹೋಗಿ ದೂರು ಹೇಳಲಾರದ ಜಾಗಗಳು ಎಂಬಲ್ಲಿ ಎರಡೂ ಒಂದೇ.

ಗುಣಮಟ್ಟಕ್ಕೆ ಕೊಡುವ ನಕ್ಷತ್ರಗಳನ್ನು ನಂಬಿದರೆ ಏನಾಗುತ್ತದೆ ಎಂಬುದನ್ನು ಅಮೆರಿಕ ಈಗಾಗಲೇ ಕಲಿತಿದೆ. ಅಲ್ಲಿ 1987ರಲ್ಲಿ ನರ್ಸಿಂಗ್ ಹೋಮುಗಳ ಸುಧಾರಣೆಗೆ ಕಾನೂನು ಬಂತು, 2008ರ ಕೊನೆಯಿಂದ ಸರ್ಕಾರವೇ ಐದು ನಕ್ಷತ್ರಗಳ ಅಂಕ ಕೊಡತೊಡಗಿತು. ಎಷ್ಟು ನರ್ಸ್‌ಗಳಿದ್ದಾರೆ ಎಂಬ ಲೆಕ್ಕವನ್ನು ಮೊದಲು ಸಂಸ್ಥೆಗಳೇ ಬರೆದುಕೊಡುತ್ತಿದ್ದವು. ಆಮೇಲೆ ಸಂಬಳದ ಪಟ್ಟಿಯಿಂದಲೇ ಅದನ್ನು ತೆಗೆಯುವಂತಾಯಿತು. ನಮ್ಮಲ್ಲಿ ಇರುವುದು ಗೂಗಲ್ ನಕ್ಷತ್ರ ಮಾತ್ರ. ಅದನ್ನು ಕೊಡುವವರು ಭಾನುವಾರ ಬಂದುಹೋದವರು, ಮಂಚದ ಮೇಲಿರುವವರಲ್ಲ.

ಪಶ್ಚಿಮ ಬೆಂಗಳೂರಿನ ಈ ಮನೆಗಳಿಗೆ ಊಟಕ್ಕೆ, ಸ್ವಚ್ಛತೆಗೆ, ಅಕ್ಕರೆಗೆ ಒಳ್ಳೆಯ ಅಂಕ ಕೊಡಬಹುದು. ರಾತ್ರಿ ಪಾಳಿ, ದಾಖಲೆ, ತರಬೇತಿ ಮೂರರಲ್ಲೂ ತೇರ್ಗಡೆ ಮಾಡುವುದು ಕಷ್ಟ. ಮನೆ ನೋಡಲು ಹೋಗುವವರು ಭಾನುವಾರ ಬಿಟ್ಟು ವಾರದ ದಿನ, ಹೇಳದೆ ಕೇಳದೆ, ರಾತ್ರಿ ಊಟದ ಹೊತ್ತಿಗೆ ಹೋಗಲಿ. ಮಲಗಿಸಿಯೇ ಅನ್ನ ತುರುಕುತ್ತಾರೋ, ಎತ್ತಿ ಕೂರಿಸಿ ಉಣ್ಣಿಸುತ್ತಾರೋ ನೋಡಲಿ. ಮಗ್ಗುಲು ಬದಲಿಸಿದ ಪುಸ್ತಕ ಕೇಳಲಿ. ಎಲ್ಲ ಸಹಿಗಳೂ ಒಂದೇ ಪೆನ್ನಿನಲ್ಲಿ ಒಂದೇ ಉಸಿರಿಗೆ ಹಾಕಿದಂತಿದ್ದರೆ ಪುಟ ಮಡಚಿ ವಾಪಸ್ ಕೊಡಲಿ. ಅಮ್ಮನನ್ನು ಬಿಟ್ಟು ಬಂದ ಮೇಲೆ ವಾರಕ್ಕೊಮ್ಮೆ ಸೆರಗು ಸರಿಸಿ ಬೆನ್ನು ನೋಡುವ ಸಂಕೋಚ ಬೇಡ.

ಅನುಮಾನ ಬಂದರೆ ಹಿರಿಯರಿಗಾಗಿ ಇರುವ ರಾಷ್ಟ್ರೀಯ ಸಹಾಯವಾಣಿ 14567. ಅದು ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಕೆಲಸ ಮಾಡುತ್ತದೆ. ಎಂಟರ ನಂತರ ಉಳಿಯುವುದು 112.