ವೇದಿಕೆ ಇಳಿದ ಮೇಲೆ

ರಂಗಪ್ರವೇಶದ ವಿಮರ್ಶೆಗಳನ್ನು ನೀವೂ ಪತ್ರಿಕೆಗಳಲ್ಲಿ ಓದಿರುತ್ತೀರಿ. ಹುಡುಗಿಯ ಅಂಗಶುದ್ಧಿ, ವರ್ಣದಲ್ಲಿ ತೋರಿದ ತಾಳಜ್ಞಾನ, ಬೆಳಕಿನ ವ್ಯವಸ್ಥೆ, ಮುಖ್ಯ ಅತಿಥಿಗಳ ಹಾರೈಕೆ ಎಲ್ಲವೂ ಬಂದು ಹೋದ ಮೇಲೆ, ಕೊನೆಗೆ ಗುರುವಿನ ಶ್ರಮ ಎದ್ದು ಕಾಣುತ್ತಿತ್ತು ಎಂಬ ಧಾಟಿಯ ಒಂದು ಸಾಲು. ಆ ಶ್ರಮ ಯಾವ ಬಗೆಯದು, ಕುಣಿತದ ಯಾವ ಜಾಗದಲ್ಲಿ ಕಂಡಿತು ಎಂದು ಬರೆದವರನ್ನು ನಾನು ಕಾಣೆ. ಹದಿನೆಂಟು ವರ್ಷ ವೇದಿಕೆಯ ಮೇಲೆ ಕುಣಿದು, ಈಗ ಹನ್ನೆರಡು ವರ್ಷದಿಂದ ಲಿಂಗರಾಜಪುರದ ಮಹಡಿಯ ಕೋಣೆಯೊಂದರಲ್ಲಿ ಪಾಠ ಹೇಳುತ್ತಿರುವವಳು ನಾನು. ಆ ಒಂದು ಸಾಲಿನ ಜೊತೆ ನನಗೊಂದು ಜಗಳವಿದೆ.

ಪತ್ರಿಕೆಯವರನ್ನು ಮಾತ್ರ ದೂರಿ ಏನು ಬಂತು? ಮದುವೆ ಮನೆಗಳಲ್ಲಿ ಸಿಗುವ ಸೋದರತ್ತೆಯರೂ "ಡ್ಯಾನ್ಸ್ ಬಿಟ್ಟೆಯಂತಲ್ಲೇ?" ಎಂದೇ ಮಾತು ಶುರು ಮಾಡುತ್ತಾರೆ. "ಇಲ್ಲ ಅತ್ತೆ, ಹೇಳಿಕೊಡ್ತಾ ಇದೀನಿ" ಎಂದರೆ "ಅದೇ ಮತ್ತೆ" ಎನ್ನುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ಅವರ ನಾಲಗೆಯ ತುದಿಯವರೆಗೂ ಬಂದಿರುತ್ತದೆ, ಮರ್ಯಾದೆಗೆ ಹೇಳುವುದಿಲ್ಲ. ಒಂದು ರೀತಿಯಲ್ಲಿ ನೆಲದ್ದೂ ತಪ್ಪಿದೆಯೆನ್ನಿ. ಗಟ್ಟಿ ಕಾಂಕ್ರೀಟಿನ ಮೇಲೆ ವರ್ಷಗಟ್ಟಲೆ ಅರೆಮಂಡಿಯಲ್ಲಿ ಕೂತು ಕಾಲು ತಟ್ಟಿದರೆ ಯಾವ ಮಂಡಿ ತಾನೆ ತಾಳೀತು?

ಇಂಥವರ ಮುಂದೆ ನಾನು ಕೆ. ವೆಂಕಟಲಕ್ಷಮ್ಮನವರ ಮಾತು ತೆಗೆಯುತ್ತೇನೆ. 1906ರಲ್ಲಿ ಕಡೂರು ತಾಲೂಕಿನ ತಂಗಲಿ ತಾಂಡ್ಯದಲ್ಲಿ, ಲಂಬಾಣಿ ಮನೆತನದಲ್ಲಿ ಹುಟ್ಟಿದವರು. ಎಂಟನೆಯ ವಯಸ್ಸಿಗೆ ಮೈಸೂರಿನ ಜಟ್ಟಿ ತಾಯಮ್ಮನವರ ಬಳಿ ಶಿಷ್ಯವೃತ್ತಿಗೆ ಸೇರಿ, ಹನ್ನೆರಡಕ್ಕೆ ರಂಗಪ್ರವೇಶ ಮಾಡಿ, ಗುರುವಿನ ಜೊತೆಜೊತೆಗೇ ಬಹುಕಾಲ ಕುಣಿದು, 1939ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ವಿದುಷಿಯಾದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯದ ವಿಭಾಗ ಆರಂಭವಾದದ್ದು 1965ರಲ್ಲಿ. ಅದರ ಮೊದಲ ರೀಡರ್ ಆಗಿ ಸೇರಿದಾಗ ವೆಂಕಟಲಕ್ಷಮ್ಮನವರಿಗೆ 59 ವರ್ಷ. ನಮ್ಮ ಮನೆಗಳ ಗಂಡಸರು ನಿವೃತ್ತಿಯ ಹಾರ ಹಾಕಿಸಿಕೊಂಡು ಪಿಂಚಣಿಯ ಲೆಕ್ಕ ಹಾಕುವ ವಯಸ್ಸಿನಲ್ಲಿ ಆಕೆ ಕೆಲಸಕ್ಕೆ ಸೇರಿದರು, ಒಂಬತ್ತು ವರ್ಷ ದುಡಿದರು. 1974ರಲ್ಲಿ ನಿವೃತ್ತರಾದ ಮೇಲೂ ಬೆಂಗಳೂರಿನಲ್ಲಿ ಪಾಠ ಹೇಳಿದರು. ಪದ್ಮಭೂಷಣ ಬಂದದ್ದು 1992ರಲ್ಲಿ. 2002ರಲ್ಲಿ ತೀರಿಕೊಂಡರು. ಇಂದು ನಾವು ಮೈಸೂರು ಶೈಲಿ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವಲ್ಲ, ಅದು ಉಳಿದದ್ದು ಅವರು ದರ್ಬಾರಿನಲ್ಲಿ ಕುಣಿದದ್ದರಿಂದಲ್ಲ, ಆಮೇಲೆ ಕುಳಿತು ಹೇಳಿಕೊಟ್ಟದ್ದರಿಂದ. ನನಗೂ ಆ ವಿದ್ಯೆ ಮೂರನೆಯ ಕೈಯಿಂದ ಬಂದದ್ದು.

'ಕುಳಿತು' ಎಂದದ್ದನ್ನು ಗಮನಿಸಿ. ಮೈಸೂರಿನ ಅಭಿನಯ ಸಾವಿರ ಜನರ ಸಭಾಂಗಣಕ್ಕಾಗಿ ಹುಟ್ಟಿದ್ದಲ್ಲ. ಹತ್ತಿರದಲ್ಲೇ ಕೂತ ರಸಿಕರ ಮುಂದೆ, ಪದವನ್ನೋ ಜಾವಳಿಯನ್ನೋ ಅಮರುಕನ ಶ್ಲೋಕವನ್ನೋ ತಾನೇ ಹಾಡಿಕೊಂಡು, ಒಂದೇ ಮಾತನ್ನು ಹಿಡಿದು ನಾಲ್ಕಾರು ಬಗೆಯಲ್ಲಿ ಬಿಡಿಸುವುದು ಅದರ ರೀತಿ. ಹುಬ್ಬಿನ ಒಂದು ಕೊಂಕಿಗೆ, ಅರ್ಧಕ್ಕೆ ನಿಂತ ನಗೆಗೆ ಅಲ್ಲಿ ಬೆಲೆ. ಹತ್ತನೆಯ ಸಾಲಿನಾಚೆ ಕೂತವರಿಗೆ ಅದರಲ್ಲಿ ಎಷ್ಟು ಕಂಡೀತು? ವೇದಿಕೆ ದೊಡ್ಡದಾದ ಹಾಗೆ ನಾವೂ ಹುಬ್ಬನ್ನು ಬಿಟ್ಟು ತೋಳನ್ನು ಬೀಸತೊಡಗಿದೆವು. ನಾನು ಕುಣಿಯುತ್ತಿದ್ದ ವರ್ಷಗಳಲ್ಲಿ ಚಪ್ಪಾಳೆ ಬರುತ್ತಿದ್ದದ್ದು ತೀರ್ಮಾನಗಳಿಗೆ, ಹಾರಿ ತಿರುಗುವ ಅಡವುಗಳಿಗೆ. ಪದಕ್ಕೆ ಬಂದಾಗ ಹಿಂದಿನ ಸಾಲುಗಳಲ್ಲಿ ಜನ ಕಾಫಿಗೆ ಏಳುತ್ತಿದ್ದರು. ಹಾಗೆ ನೋಡಿದರೆ, ಹನ್ನೆರಡು ಅಡಿ ಅಗಲದ ನನ್ನ ಪಾಠದ ಕೋಣೆಯೇ ಆ ಹಳೆಯ ಅಳತೆಗೆ ಹೆಚ್ಚು ಹತ್ತಿರ. ನನ್ನ ಮುಖದಿಂದ ಆರಡಿ ದೂರದಲ್ಲಿ ಎರಡು ಕಣ್ಣು ಬಿಟ್ಟುಕೊಂಡು ಕೂತ ಹುಡುಗಿಗೆ ಸುಳ್ಳು ಅಭಿನಯ ತೋರಿಸಲಾಗುವುದಿಲ್ಲ. ವೇದಿಕೆ ಬಿಟ್ಟ ಮೇಲೆಯೇ ನನ್ನ ಅಭಿನಯ ಸಣ್ಣದಾಯಿತು, ಒಳ್ಳೆಯದೂ ಆಯಿತು ಎಂದು ನನ್ನ ನಂಬಿಕೆ. ನೋಡಿ ಹೇಳಲು ವಿಮರ್ಶಕರು ಇಲ್ಲಿಗೆ ಬರುವುದಿಲ್ಲ, ಅಷ್ಟೇ.

ದೊಡ್ಡ ವೇದಿಕೆಗೆ ಅದರದೇ ಗೌರವವಿದೆ, ಇಲ್ಲವೆನ್ನುವುದಿಲ್ಲ. ಬೆಂಗಳೂರಿನಲ್ಲೇ ಹುಟ್ಟಿದ ರಾಮ್ ಗೋಪಾಲ್ 1939ರಲ್ಲಿ ಲಂಡನ್ನಿನಲ್ಲಿ ಕುಣಿದು ಅಲ್ಲಿಯವರನ್ನು ಬೆರಗುಗೊಳಿಸಿದರು. ಕಿರೀಟ, ರೆಕ್ಕೆ, ಬೆಳಕು ಎಲ್ಲವೂ ಸೇರಿದ ಆ ವೈಭವದ ಚಿತ್ರಗಳನ್ನು ನೋಡಿದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. 2003ರಲ್ಲಿ ಇಂಗ್ಲೆಂಡಿನಲ್ಲೇ ತೀರಿಕೊಂಡರು. ಆದರೆ ಇದು ರಾಮ್ ಗೋಪಾಲರ ಪಾಠ ಎಂದು ಒಂದು ಅಡವನ್ನಾದರೂ ಹಿಡಿದು ತೋರಿಸಿದವರು ಈ ಊರಿನಲ್ಲಿ ನನಗೆ ಸಿಕ್ಕಿಲ್ಲ. ತಾಯಮ್ಮನವರ ಪಾಠ ಇದು ಎಂದು ಪದ ಅಭಿನಯಿಸಿದವರನ್ನು ಎಷ್ಟೋ ಮಂದಿಯನ್ನು ಕಂಡಿದ್ದೇನೆ.

ಹಾಗೆಂದು ವಿಶ್ವವಿದ್ಯಾನಿಲಯದ ಬಾಗಿಲು ತೆರೆದದ್ದರಿಂದ ಎಲ್ಲವೂ ಸುಖವಾಯಿತು ಎನ್ನಲಾರೆ. ಪಠ್ಯಕ್ರಮಕ್ಕೆ ಒಂದು ಹಟವಿದೆ: ಎಲ್ಲವೂ ಬರೆದಿಟ್ಟಂತೆ ಇರಬೇಕು, ಅಂಕ ಹಾಕಲು ಬರಬೇಕು. ಜೂನಿಯರ್‌ಗೆ ಇಷ್ಟು ಅಡವು, ಸೀನಿಯರ್‌ಗೆ ಇಂಥ ವರ್ಣ, ವಿದ್ವತ್ತಿಗೆ ಇಷ್ಟು ಶಾಸ್ತ್ರ. ಹೆಜ್ಜೆಗಳಿಗೆ ಇದು ಸರಿ. ಮಲ್ಲೇಶ್ವರದಲ್ಲಿ ಬೆಳೆದ ಮಾಯಾ ರಾವ್ ಅವರು ಕಥಕ್ ಕುಣಿದು, ರಷ್ಯಾಕ್ಕೆ ಹೋಗಿ ನೃತ್ಯ ಸಂಯೋಜನೆ ಕಲಿತು, 1964ರಲ್ಲಿ ದೆಹಲಿಯಲ್ಲಿ ಸ್ಥಾಪಿಸಿದ ಸಂಸ್ಥೆಯನ್ನು 1987ರಲ್ಲಿ ಬೆಂಗಳೂರಿಗೆ ತಂದರು; ಸಂಯೋಜನೆಯನ್ನೂ ಕ್ರಮವಾಗಿ ಕಲಿಸಬಹುದೆಂದು ತೋರಿಸಿದರು. ಸಂಚಾರಿ ಭಾವ ಮಾತ್ರ ಈ ಹಟಕ್ಕೆ ಬಗ್ಗುವುದಿಲ್ಲ. ಗುರು ಆ ಹೊತ್ತಿಗೆ ಹೊಳೆದಂತೆ ಮಾಡಿದ್ದನ್ನು ಶಿಷ್ಯೆ ಪುಸ್ತಕದಲ್ಲಿ ಒಂದು, ಎರಡು, ಮೂರು ಎಂದು ಗುರುತು ಹಾಕಿಕೊಳ್ಳುತ್ತಾಳೆ. ಅವಳ ಶಿಷ್ಯೆ ಆ ಮೂರನ್ನೇ ಬಾಯಿಪಾಠ ಮಾಡುತ್ತಾಳೆ. ಒಂದೇ ಪದಕ್ಕೆ ಒಂದೇ ಮೂರು ಸಂಚಾರಿಗಳನ್ನು ನಾಲ್ಕು ಬೇರೆ ಬೇರೆ ಹುಡುಗಿಯರು ಒಂದೇ ತಿಂಗಳಲ್ಲಿ ಮಾಡಿದ್ದನ್ನು ನಾನು ನೋಡಿದ್ದೇನೆ. ತಪ್ಪಿರಲಿಲ್ಲ. ಜೀವವೂ ಇರಲಿಲ್ಲ.

ಇಲ್ಲಿಯೇ ನೋಡಿ ಕಲಿಸುವವಳ ನಿಜವಾದ ಕೆಲಸ ಇರುವುದು. ವೇದಿಕೆಯ ಮೇಲೆ ನನ್ನ ಮೈಗೆ ಗೊತ್ತಿದ್ದರೆ ಸಾಕಿತ್ತು, ಬಾಯಿಗೆ ಗೊತ್ತಿರಬೇಕಾಗಿರಲಿಲ್ಲ. ಕಲಿಸಲು ನಿಂತಾಗ ನನ್ನ ಬಲಗೈ ಮಕ್ಕಳಿಗೆ ಕನ್ನಡಿಯಂತೆ ಎಡಗೈಯಾಗಬೇಕು. ಬಾಯಿ ಸೊಲ್ಲು ಹೇಳುತ್ತಿರಬೇಕು, ಕೈ ತಾಳ ತಟ್ಟುತ್ತಿರಬೇಕು, ಕಣ್ಣು ಎಂಟು ಜೊತೆ ಕಾಲುಗಳ ಮೇಲಿರಬೇಕು. ಮೂರನೆಯ ಸಾಲಿನ ಹುಡುಗಿಯ ಹಿಮ್ಮಡಿ ಯಾಕೆ ಏಳುತ್ತಿದೆ, ಸೊಂಟದಿಂದಲೋ ಪಾದದಿಂದಲೋ ಎಂದು ಅಷ್ಟರಲ್ಲೇ ತಿಳಿಯಬೇಕು. ಎರಡು ಗಂಟೆಯ ಕಛೇರಿಗಿಂತ ಇದು ಆಯಾಸ. ಕಛೇರಿಯಲ್ಲಿ ಕೊನೆಗೆ ಮಂಗಳವಾದರೂ ಇರುತ್ತದೆ.

ನಮ್ಮ ಲಿಂಗರಾಜಪುರದ ವಿಶೇಷವೂ ಇದರಲ್ಲಿ ಸೇರಿದೆ. ಒಂದು ಮಗ್ಗುಲಿಗೆ ರೈಲು ಹಳಿ, ಇನ್ನೊಂದು ಕಡೆ ಹೆಣ್ಣೂರು ರಸ್ತೆಯ ಗಲಾಟೆ. ತಮಿಳು, ತೆಲುಗು, ಮಲಯಾಳ, ಇಂಗ್ಲಿಷ್ ಮನೆಮಾತಿನ ಮಕ್ಕಳೆಲ್ಲ ಬರುತ್ತಾರೆ. ಕನ್ನಡದವರು ಮೂರರಲ್ಲಿ ಒಬ್ಬರು. ದೇವರನಾಮಕ್ಕೆ ಕೈ ತೋರಿಸುವ ಮೊದಲು ಪ್ರತಿ ಮಾತಿನ ಅರ್ಥ ಹೇಳಬೇಕು. ತೊಂದರೆಯೆಂದುಕೊಂಡಿದ್ದು ಅನುಕೂಲವೇ ಆಯಿತು. ಮಾತು ಗೊತ್ತಿರುವ ಮಗು ಮುದ್ರೆ ಹಿಡಿದು ಸುಮ್ಮನಾಗುತ್ತದೆ, ಗೊತ್ತಿಲ್ಲದ ಮಗು "ಮಿಸ್, ಅವಳು ಯಾಕೆ ಕೋಪ ಮಾಡ್ಕೊಂಡಳು?" ಎಂದು ಕೇಳುತ್ತದೆ. ಆ ಪ್ರಶ್ನೆಯಿಂದ ಸಂಚಾರಿ ಹುಟ್ಟುತ್ತದೆ.

ಶೃಂಗಾರದ ಪದ ಕಲಿಸಬೇಕೋ ಬೇಡವೋ ಎಂಬುದು ತಾಯಂದಿರೊಂದಿಗೆ ನನಗೆ ನಿತ್ಯದ ಚರ್ಚೆ. "ಮೇಡಂ, ಕೃಷ್ಣನ ಮೇಲಿನದು ಏನಾದರೂ ಹಾಕಿ, ಜಾವಳಿ ಬೇಡ" ಎನ್ನುತ್ತಾರೆ. ಸಿನಿಮಾ ಹಾಡಿಗೆ ಸ್ಕೂಲ್ ಡೇಯಲ್ಲಿ ಅದೇ ಮಗು ಸೊಂಟ ಕುಣಿಸಿದರೆ ಅಡ್ಡಿಯಿಲ್ಲ! ಹತ್ತು ವರ್ಷದ ಹುಡುಗಿಗೆ ನಾನೂ ಜಾವಳಿ ಕಲಿಸುವುದಿಲ್ಲ. ಆದರೆ ತಾಯಮ್ಮ, ವೆಂಕಟಲಕ್ಷಮ್ಮನವರಂಥ ಹೆಂಗಸರು ಸಮಾಜದ ಓರೆನೋಟವನ್ನು ಸಹಿಸಿ ಕಾಪಾಡಿ ತಂದದ್ದೇ ಆ ಪದಗಳನ್ನು. ಅವನ್ನು ಬಿಟ್ಟು ಅವರ ಭಾವಚಿತ್ರಕ್ಕೆ ಮಾತ್ರ ಹೂವೇರಿಸುವುದು ನನ್ನಿಂದಾಗದು.

ಅದಕ್ಕೇ ಎರಡು ವರ್ಷದ ಹಿಂದೆ ಮಧ್ಯಾಹ್ನ ಎರಡೂವರೆಗೆ ಒಂದು ತರಗತಿ ತೆರೆದೆ. ಬರುವವರು ಐದು ಜನ, ಎಲ್ಲರೂ ನಲವತ್ತು ದಾಟಿದ ಗೃಹಿಣಿಯರು. ರಂಗಪ್ರವೇಶದ ಆಸೆ ಯಾರಿಗೂ ಇಲ್ಲ. ಅರೆಮಂಡಿ ಕೂರಲು ಮಂಡಿ ಬಿಡುವುದಿಲ್ಲ, ಆದ್ದರಿಂದ ಚಾಪೆ ಹಾಸಿ ಕೂತೇ ಮಾಡುತ್ತೇವೆ. ಮೂರೂವರೆಗೆ ಶಾಲೆಯ ಬಸ್ಸು ಬರುತ್ತದೆಂದು ಇಬ್ಬರು ಗಡಿಯಾರದ ಮೇಲೇ ಕಣ್ಣಿಟ್ಟಿರುತ್ತಾರೆ. ಕಳೆದ ವಾರ ಖಂಡಿತಾ ನಾಯಿಕೆ ತೆಗೆದುಕೊಂಡೆವು. ರಾತ್ರಿಯೆಲ್ಲ ಎಲ್ಲೋ ಇದ್ದು ಬೆಳಗ್ಗೆ ಮನೆಗೆ ಬಂದ ಗಂಡನನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳುವ ನಾಯಿಕೆ ಅವಳು. ಒಬ್ಬಾಕೆ ಏನೂ ಕೇಳಲಿಲ್ಲ, ಕೈಯನ್ನೂ ಎತ್ತಲಿಲ್ಲ. ಅವನ ಚಪ್ಪಲಿಯ ಕಡೆ ಒಮ್ಮೆ ನೋಡಿ, ಬದಿಗೆ ಸರಿದು ದಾರಿ ಬಿಟ್ಟಳು. ಉಳಿದ ನಾಲ್ವರೂ ಗಡಿಯಾರ ನೋಡುವುದನ್ನು ಮರೆತಿದ್ದರು.