ಸುಂದರ ಚಿತ್ರವೆಲ್ಲ ಪ್ರಯೋಗವೆ?

ಚಿತ್ರದುರ್ಗದ ಕೋಟೆಯನ್ನು ನೀವು ಹತ್ತಿರಬಹುದು. ಮುಂದಿನ ಸಲ ಹತ್ತುವಾಗ ಗೋಡೆ ಮತ್ತು ಬಂಡೆ ಒಂದನ್ನೊಂದು ಸೇರುವ ಕಡೆ ಸ್ವಲ್ಪ ಹೊತ್ತು ನಿಂತು ನೋಡಿ. ಗೋಡೆಯಲ್ಲಿ ಕಡಿದು ಜೋಡಿಸಿದ ಕಲ್ಲುಗಳು; ಸಾಲು, ಅಂಚು, ಮೂಲೆ ಎಲ್ಲವೂ ಲೆಕ್ಕಕ್ಕೆ ಸಿಗುವಂತಿವೆ. ಪಕ್ಕದಲ್ಲೇ ಒಂದರ ಮೇಲೊಂದು ಕುಳಿತ ದುಂಡು ಬಂಡೆಗಳು. ಅಲ್ಲಿ ಸಾಲೂ ಇಲ್ಲ, ಮೂಲೆಯೂ ಇಲ್ಲ.

ಈ ನೋಟದ ಛಾಯಾಚಿತ್ರ ತೆಗೆದು, ಗಣಕದಲ್ಲಿ ಅದರ ಬಣ್ಣ ಬದಲಿಸಿ, 'ಪ್ರಾಯೋಗಿಕ ಛಾಯಾಗ್ರಹಣ' ಎಂಬ ಚೀಟಿ ಅಂಟಿಸಿ ವಸ್ತುಪ್ರದರ್ಶನದಲ್ಲಿ ತೂಗುಹಾಕುವುದು ಬಲು ಸುಲಭ. ಮೊಬೈಲ್ ಫೋನಿನಲ್ಲಿರುವ ಫಿಲ್ಟರ್‌ಗಳು ಈ ಕೆಲಸವನ್ನು ಒಂದು ಕ್ಷಣದಲ್ಲಿ ಮಾಡಿಕೊಡುತ್ತವೆ. ಚಿತ್ರ ಚೆನ್ನಾಗಿಯೇ ಇರುತ್ತದೆ. ಆದರೆ ಅದರಲ್ಲಿ ಪ್ರಯೋಗ ಎಲ್ಲಿದೆ? ಏನನ್ನು ಬದಲಿಸಿದ್ದರಿಂದ ಏನಾಯಿತು ಎಂದು ಕೇಳಿದರೆ ಚಿತ್ರ ಮಾಡಿದವರ ಬಳಿ ಉತ್ತರ ಇರುವುದಿಲ್ಲ. ವಿಜ್ಞಾನ ಕಲಿಯುವವರು, ಕಲಿಸುವವರು ಈ ಪ್ರಶ್ನೆಯನ್ನು ಬಿಟ್ಟುಕೊಡಬಾರದು ಎಂಬುದೇ ಈ ಬರಹದ ವಾದ.

ಇಪ್ಪತ್ತೆರಡು ಸಾಲು ಚೌಕಗಳು

ಗಣಕಕಲೆಯ ಮೊದಲ ತಲೆಮಾರಿನವರಲ್ಲಿ ಜರ್ಮನಿಯ ಗಿಯೋರ್ಗ್ ನೀಸ್ ಒಬ್ಬರು. 1965ರಲ್ಲಿ ಸ್ಟುಟ್‌ಗಾರ್ಟ್ ನಗರದಲ್ಲಿ ಅವರ ಗಣಕಚಿತ್ರಗಳ ಪ್ರದರ್ಶನ ನಡೆಯಿತು. ಗಣಕದಿಂದ ಮಾಡಿದ ಚಿತ್ರಗಳಿಗೆಂದೇ ಏರ್ಪಟ್ಟ ಮೊದಲ ಪ್ರದರ್ಶನಗಳಲ್ಲಿ ಇದು ಸೇರುತ್ತದೆ. 1968ರ ಸುಮಾರಿಗೆ ಅವರು ಮಾಡಿದ ಒಂದು ಚಿತ್ರದ ಹೆಸರು 'ಷೊಟರ್'. ಜರ್ಮನ್ ಭಾಷೆಯಲ್ಲಿ ಹಾಗೆಂದರೆ ಜಲ್ಲಿಕಲ್ಲು.

ಚಿತ್ರದಲ್ಲಿರುವುದು ಇಷ್ಟೇ: ಸಾಲಿಗೆ 12ರಂತೆ 22 ಸಾಲು ಚೌಕಗಳು. ಮೇಲಿನ ಸಾಲು ನೆಟ್ಟಗಿದೆ. ಕೆಳಗೆ ಇಳಿದಂತೆ ಚೌಕಗಳು ಸ್ವಲ್ಪ ಸ್ವಲ್ಪವೇ ಓರೆಯಾಗುತ್ತವೆ, ಜಾಗ ತಪ್ಪುತ್ತವೆ. ಕೊನೆಯ ಸಾಲುಗಳಲ್ಲಿ ಸುರಿದ ಜಲ್ಲಿಯಂತೆ ಚೆಲ್ಲಾಪಿಲ್ಲಿಯಾಗಿವೆ. ಬಣ್ಣವಿಲ್ಲ, ನೆರಳಿಲ್ಲ. ಬರಿಯ ಗೆರೆ.

ಈ ಚಿತ್ರದ ಗುಣ ಯಾವುದು? ಅದರ ನಿಯಮವನ್ನು ಒಂದು ವಾಕ್ಯದಲ್ಲಿ ಹೇಳಬಹುದು: ಸಾಲಿನ ಸಂಖ್ಯೆ ಹೆಚ್ಚಿದಂತೆ ಯಾದೃಚ್ಛಿಕ ಓರೆಯ ಮಿತಿಯೂ ಹೆಚ್ಚಲಿ. ನೀವೂ ಮಾಡಿ ನೋಡಬಹುದು. ಒಂದನೆಯ ಸಾಲಿನ ಚೌಕ ಎಡಕ್ಕೋ ಬಲಕ್ಕೋ ಹೆಚ್ಚೆಂದರೆ 2 ಡಿಗ್ರಿ ತಿರುಗಲಿ, ಎರಡನೆಯದು 4 ಡಿಗ್ರಿ. ಹೀಗೆ ಏರಿಸುತ್ತ ಹೋದರೆ 22ನೆಯ ಸಾಲಿಗೆ ಮಿತಿ 44 ಡಿಗ್ರಿ ಆಗುತ್ತದೆ. ಪೈಥಾನ್ ಭಾಷೆಯಲ್ಲಿ ಇದಕ್ಕೆ ಇಪ್ಪತ್ತು ಸಾಲಿನ ಪ್ರೋಗ್ರಾಮ್ ಸಾಕು. ಗಣಕವಿಲ್ಲದ ಶಾಲೆಯಲ್ಲಿ ದಾಳ, ಕೋನಮಾಪಕ ಮತ್ತು ಪೆನ್ಸಿಲ್‌ನಿಂದಲೂ ಮಾಡಬಹುದು. 2 ಡಿಗ್ರಿಯ ಬದಲು 1 ಇಟ್ಟರೆ ಏನಾಗುತ್ತದೆ? 4 ಇಟ್ಟರೆ? ಚಿತ್ರ ಯಾವ ಸಾಲಿನಲ್ಲಿ 'ಕೆಟ್ಟಿತು' ಎಂದು ಕಣ್ಣಿಗೆ ಅನ್ನಿಸುತ್ತದೆ? ಹತ್ತು ಮಂದಿಯನ್ನು ಕೇಳಿ ಬರೆದಿಟ್ಟುಕೊಳ್ಳಿ. ಇದು ಪ್ರಯೋಗ. ಪ್ಯಾರಿಸ್ಸಿನಲ್ಲಿದ್ದ ವೆರಾ ಮೊಲ್ನಾರ್ (1924–2023) ಎಂಬ ಕಲಾವಿದೆ, ಕ್ರಮದೊಳಗೆ ಎಷ್ಟು ಅಸ್ತವ್ಯಸ್ತತೆ ಬೆರೆಸಿದರೆ ಕಣ್ಣು ಎಚ್ಚರಗೊಳ್ಳುತ್ತದೆ ಎಂಬುದನ್ನೇ ದಶಕಗಳ ಕಾಲ ಹುಡುಕಿದರು.

ಚಿತ್ರದುರ್ಗದಲ್ಲಿ ನಿಂತು ನೋಡಿದಾಗ 'ಷೊಟರ್'ನ ಒಂದು ಕೊರತೆಯೂ ಕಾಣುತ್ತದೆ. ಅಲ್ಲಿ ಚೌಕಗಳು ಓರೆಯಾಗುತ್ತವೆ, ಆದರೆ ಸವೆಯುವುದಿಲ್ಲ. ನಿಜವಾದ ಕಲ್ಲು ಹಾಗಲ್ಲ. ದುರ್ಗದ ಗ್ರಾನೈಟ್ ಸುಮಾರು 260 ಕೋಟಿ ವರ್ಷ ಹಳೆಯದು. ಅದರಲ್ಲಿ ಬಿದ್ದ ಬಿರುಕುಗಳು ಕಲ್ಲನ್ನು ಹೆಚ್ಚುಕಡಿಮೆ ಪೆಟ್ಟಿಗೆಯಾಕಾರದ ತುಂಡುಗಳಾಗಿ ವಿಂಗಡಿಸುತ್ತವೆ. ಬಿರುಕಿಗೆ ಇಳಿದ ನೀರು ತುಂಡಿನ ಮುಖವನ್ನು ಒಂದು ದಿಕ್ಕಿನಿಂದ, ಅಂಚನ್ನು ಎರಡು ದಿಕ್ಕಿನಿಂದ, ಮೂಲೆಯನ್ನು ಮೂರು ದಿಕ್ಕಿನಿಂದ ಶಿಥಿಲಗೊಳಿಸುತ್ತದೆ. ಆದ್ದರಿಂದ ಮೂಲೆ ಬೇಗ ಸವೆದು ಚೌಕ ದುಂಡಾಗುತ್ತದೆ. ಹಾಗಾದರೆ ನೀಸ್ ಅವರ ನಿಯಮವನ್ನು ಬದಲಿಸಿ: ಸಾಲು ಹೆಚ್ಚಿದಂತೆ ಚೌಕದ ಮೂಲೆಗಳು ದುಂಡಾಗಲಿ. ಆಗ ದೊರೆಯುವುದು ಜರ್ಮನಿಯ ಜಲ್ಲಿಯಲ್ಲ, ದುರ್ಗದ ಬಂಡೆ. ಕೃತಿಯನ್ನು ಹೊಗಳಿ ಸುಮ್ಮನಾಗುವುದಕ್ಕಿಂತ ಅದರ ನಿಯಮವನ್ನು ತಿದ್ದಿ ನೋಡುವುದು ಒಳ್ಳೆಯ ವಿಮರ್ಶೆ.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಇದೇ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬಿನಾಕಾರದ ಲಾವಾ ಶಿಲೆಗಳಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಅವೂ ದುಂಡಗಿವೆ. ಆದರೆ ಅವು ಸವೆದು ದುಂಡಾದವಲ್ಲ. ನೀರಿನಡಿಯಲ್ಲಿ ಹೊರಬಂದ ಲಾವಾ ಥಟ್ಟನೆ ತಣಿದು ಆ ಆಕಾರ ಪಡೆಯಿತು. ಎರಡು ಛಾಯಾಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟರೆ ದುಂಡುತನ ಕಾಣುತ್ತದೆ, ಕಾರಣ ಕಾಣುವುದಿಲ್ಲ. ಚಿತ್ರದ ಕೆಳಗಿನ ಬರಹಕ್ಕೆ ಚಿತ್ರದಷ್ಟೇ ಬೆಲೆ ಇದೆ.

ಲಂಡನ್ನಿನ ಡಬ್ಬಿ, ದುರ್ಗದ ಸೂರ್ಯ

ಛಾಯಾಗ್ರಹಣಕ್ಕೆ ಬರೋಣ. 1842ರಲ್ಲಿ ಜಾನ್ ಹರ್ಷೆಲ್ ಕಬ್ಬಿಣದ ಲವಣಗಳಿಂದ ನೀಲಿ ಮುದ್ರಣದ ವಿಧಾನವನ್ನು ಕಂಡುಹಿಡಿದರು. ಮರುವರ್ಷವೇ ಅನ್ನಾ ಅಟ್ಕಿನ್ಸ್ ಆ ವಿಧಾನದಿಂದ, ಕ್ಯಾಮರಾ ಇಲ್ಲದೆ, ಪಾಚಿಗಳ ಚಿತ್ರಗಳನ್ನು ಮುದ್ರಿಸತೊಡಗಿದರು. ಅವು ಸಸ್ಯವಿಜ್ಞಾನದ ದಾಖಲೆಯೂ ಹೌದು, ಕಲೆಯೂ ಹೌದು. ಹೊಸದುರ್ಗದ ತೆಂಗಿನ ಗರಿ, ಹೊಳಲ್ಕೆರೆಯ ಅಡಿಕೆ ಸಿಂಗಾರ ಬಳಸಿ ನೀವೂ ಇದನ್ನು ಮಾಡಬಹುದು. 100 ಮಿ.ಲೀ. ನೀರಿಗೆ 25 ಗ್ರಾಂ ಫೆರಿಕ್ ಅಮೋನಿಯಂ ಸಿಟ್ರೇಟ್. ಬೇರೆ 100 ಮಿ.ಲೀ. ನೀರಿಗೆ 10 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್. ಮಂದ ಬೆಳಕಿನಲ್ಲಿ ಎರಡನ್ನೂ ಸಮನಾಗಿ ಬೆರೆಸಿ, ಕಾಗದಕ್ಕೆ ಬಳಿದು ಒಣಗಿಸಿ. ಎಲೆ ಇಟ್ಟು ಬಿಸಿಲಿಗೆ ಹಿಡಿದು, ಆಮೇಲೆ ನೀರಿನಲ್ಲಿ ತೊಳೆಯಿರಿ. ಕೈಗವಸು ಇರಲಿ, ಪ್ರಬಲ ಆಮ್ಲ ಹತ್ತಿರ ಬರದಿರಲಿ. ಬೆಳಗಿನ ಬಿಸಿಲಿಗೆ ಎಷ್ಟು ನಿಮಿಷ, ಮಧ್ಯಾಹ್ನಕ್ಕೆ ಎಷ್ಟು ಎಂದು ಗುರುತು ಹಾಕಿದರೆ ಅದು ಪ್ರಯೋಗ. ಗುರುತಿಲ್ಲದಿದ್ದರೆ ಬರಿಯ ನೀಲಿ ಎಲೆ.

ಇನ್ನೊಂದು ಹವ್ಯಾಸ ಸೂರ್ಯಪಥದ ಚಿತ್ರ. ತಗಡಿನ ಡಬ್ಬಿಗೆ ಸೂಜಿರಂಧ್ರ ಮಾಡಿ, ಒಳಗೆ ಕಪ್ಪು-ಬಿಳುಪು ಫೋಟೋ ಕಾಗದ ಇಟ್ಟು, ತಿಂಗಳುಗಟ್ಟಲೆ ಅಲುಗದಂತೆ ಬಿಡುವುದು. ಸೂರ್ಯನ ದಿನದಿನದ ದಾರಿ ಕಾಗದದಲ್ಲಿ ಗೆರೆಯಾಗಿ ಮೂಡುತ್ತದೆ. ಯೂರೋಪಿನ ಪುಸ್ತಕಗಳು ಡಬ್ಬಿಯನ್ನು ನೆಟ್ಟಗೆ ನಿಲ್ಲಿಸಿ, ರಂಧ್ರ ದಕ್ಷಿಣಕ್ಕೆ ಇರಲಿ ಎನ್ನುತ್ತವೆ. ಅಲ್ಲಿಗೆ ಅದು ಸರಿ. ಲಂಡನ್ನಿನಲ್ಲಿ ನಡುಹಗಲಿನ ಸೂರ್ಯ ಡಿಸೆಂಬರಿನಲ್ಲಿ ದಿಗಂತದಿಂದ ಸುಮಾರು 15 ಡಿಗ್ರಿ, ಜೂನ್‌ನಲ್ಲಿ 62 ಡಿಗ್ರಿ ಎತ್ತರದಲ್ಲಿರುತ್ತಾನೆ. ಚಿತ್ರದುರ್ಗದ ಅಕ್ಷಾಂಶ ಸುಮಾರು 14.2 ಡಿಗ್ರಿ. ಇಲ್ಲಿ ಡಿಸೆಂಬರಿನಲ್ಲೇ 52 ಡಿಗ್ರಿ ಎತ್ತರ. ಏಪ್ರಿಲ್ 28ರ ಆಸುಪಾಸಿನಲ್ಲಿ ಸೂರ್ಯ ನೆತ್ತಿಯ ಮೇಲೆ ಬಂದು, ಮುಂದೆ ಉತ್ತರಕ್ಕೆ ಸರಿದು, ಆಗಸ್ಟ್ 14ರ ಸುಮಾರಿಗೆ ಮತ್ತೆ ನೆತ್ತಿಗೆ ಬರುತ್ತಾನೆ. ಪುಸ್ತಕದ ಸೂಚನೆಯಂತೆ ಡಬ್ಬಿ ನಿಲ್ಲಿಸಿದರೆ ನಮ್ಮ ಬೇಸಿಗೆಯ ನಡುಹಗಲಿನ ಸೂರ್ಯ ಅದಕ್ಕೆ ಕಾಣುವುದೇ ಇಲ್ಲ.

ಪರಿಹಾರ ಯೋಚಿಸಿ. ಡಬ್ಬಿಯನ್ನು ಉತ್ತರ-ದಕ್ಷಿಣವಾಗಿ ಮಲಗಿಸಿ, ರಂಧ್ರ ಆಕಾಶಕ್ಕೆ ಇರಲಿ. ಆಗ ಕಾಗದದ ಬಾಗು ಪೂರ್ವ-ಪಶ್ಚಿಮವಾಗಿ, ಸೂರ್ಯನ ದಾರಿಗೆ ಸರಿಯಾಗಿ ಬರುತ್ತದೆ. ರಂಧ್ರದ ಮೇಲೆ ತೆಳುವಾದ ಪಾರದರ್ಶಕ ಹಾಳೆ ಅಂಟಿಸಿ. ಡಿಸೆಂಬರ್ 21ರಿಂದ ಏಪ್ರಿಲ್ 28ರವರೆಗೆ 128 ದಿನ; ಮಳೆಗಾಲಕ್ಕೆ ಮೊದಲೇ ಕೆಲಸ ಮುಗಿಯುತ್ತದೆ. ಬೇರೆ ಊರಿನ ವಿಧಾನ ನಮ್ಮ ಊರಿನಲ್ಲಿ ಏಕೆ ಸೋಲುತ್ತದೆ ಎಂದು ಲೆಕ್ಕ ಹಾಕಿ ತಿಳಿದ ವಿದ್ಯಾರ್ಥಿಗೆ, ಚಿತ್ರ ಮಸುಕಾಗಿ ಬಂದರೂ, ಪೂರ್ಣ ಅಂಕ ಕೊಡಬೇಕು.

ಚಿತ್ರವನ್ನು ಎಷ್ಟು ನಂಬಬೇಕು?

ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರದ ಕಟ್ಟೆಯ ಕೆಲಸ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ಬೆಟ್ಟದ ಮೇಲಿನಿಂದ ನೋಡಿದರೆ ಜಲಾಶಯ ಭಾರತದ ಭೂಪಟದಂತೆ ಕಾಣುತ್ತದೆ ಎಂಬ ಮಾತು ಪ್ರಸಿದ್ಧ. ಹಾಗೆ ಕಾಣುವ ಛಾಯಾಚಿತ್ರಗಳೂ ಬಹಳ. ಅವು ಸುಳ್ಳಲ್ಲ. ಆದರೆ ಓರೆಯಾಗಿ ನೋಡಿದಾಗ ದೂರದ ಅಗಲ, ಉದ್ದಗಳು ಕುಗ್ಗುತ್ತವೆ. ನೀರಿನ ಮಟ್ಟ ಇಳಿದರೆ ಅಂಚಿನ ರೇಖೆಯೂ ಬದಲಾಗುತ್ತದೆ. 1933ರ ಬಳಿಕ ಈ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ; ಮಟ್ಟ ಎಷ್ಟು ಏರಿಳಿಯುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಒಂದೇ ಜಾಗದಿಂದ ತಿಂಗಳಿಗೊಂದು ಚಿತ್ರ ತೆಗೆದು, ಅಂದಿನ ನೀರಿನ ಮಟ್ಟವನ್ನು ಕೆಳಗೆ ಬರೆದು, ನೇರ ಮೇಲಿನಿಂದ ತೆಗೆದ ಉಪಗ್ರಹ ಚಿತ್ರದೊಂದಿಗೆ ಹೋಲಿಸಿ. ಭೂಪಟ ಎಷ್ಟು ನೀರಿನದು, ಎಷ್ಟು ನಾವು ನಿಂತ ಜಾಗದ್ದು ಎಂದು ತಿಳಿಯುತ್ತದೆ.

ಈ ಅಭ್ಯಾಸ ಇಂದು ಏಕೆ ಮುಖ್ಯವೆಂದರೆ, ಕ್ಯಾಮರಾ ಮುಟ್ಟದೆಯೇ ಛಾಯಾಚಿತ್ರದಂಥ ಚಿತ್ರ ಮಾಡುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಎಲ್ಲರ ಕೈಯಲ್ಲಿವೆ. 2023ರಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್ಸೆನ್ ಸೋನಿ ವಿಶ್ವ ಛಾಯಾಗ್ರಹಣ ಪ್ರಶಸ್ತಿಗೆ ಅಂಥದೊಂದು ಚಿತ್ರ ಕಳುಹಿಸಿದರು. ಅದು ತನ್ನ ವಿಭಾಗದಲ್ಲಿ ಗೆದ್ದಿತು. ಅವರು ಬಹುಮಾನ ನಿರಾಕರಿಸಿದರು. ಇಂಥ ಚಿತ್ರವೂ ಛಾಯಾಚಿತ್ರವೂ ಒಂದೇ ಸ್ಪರ್ಧೆಯಲ್ಲಿ ಸೇರಬಾರದು ಎಂಬುದು ಅವರ ನಿಲುವು. ಅನುಭವಿ ತೀರ್ಪುಗಾರರ ಎದುರಿನಲ್ಲೇ ಹೀಗಾದರೆ ನಮ್ಮ ಶಾಲೆಯ ಪ್ರದರ್ಶನದ ಪಾಡೇನು?

ನಿಷೇಧ ಉತ್ತರವಲ್ಲ. ಆ ತಂತ್ರಾಂಶದಿಂದಲೇ ದುರ್ಗದ ಕೋಟೆ ಬರೆಯಿಸಿ, ಕೋಟೆಯ ನಿಜವಾದ ಛಾಯಾಚಿತ್ರದ ಪಕ್ಕದಲ್ಲಿಟ್ಟು ತಪ್ಪು ಹುಡುಕಿಸಿ. ನೆರಳುಗಳು ಒಂದೇ ದಿಕ್ಕಿಗಿವೆಯೆ? ಕಲ್ಲಿನ ಸಂದುಗಳು ಸರಿಯಾಗಿ ಕೂಡುತ್ತವೆಯೆ? ತಪ್ಪುಗಳ ಆ ಪಟ್ಟಿಯೇ ವಿದ್ಯಾರ್ಥಿಯ ಕೃತಿ.

ಶಿಕ್ಷಕರು ಬಹುಮಾನ ಕೊಡುವ ಮೊದಲು ಮೂರು ಪ್ರಶ್ನೆ ಕೇಳಲಿ. ಏನನ್ನು ಬದಲಿಸಿದೆ, ಏನನ್ನು ಹಾಗೆಯೇ ಇಟ್ಟೆ? ನಿನ್ನ ಟಿಪ್ಪಣಿ ನೋಡಿ ಇನ್ನೊಬ್ಬರು ಇದನ್ನು ಮತ್ತೆ ಮಾಡಬಹುದೆ? ಈ ಚಿತ್ರ ತಪ್ಪು ಹೇಳುತ್ತಿದ್ದರೆ ಅದು ಹೇಗೆ ಗೊತ್ತಾಗುತ್ತದೆ? ಮೂರಕ್ಕೂ ಉತ್ತರವಿರುವ ಸಾಧಾರಣ ಚಿತ್ರ, ಉತ್ತರವಿಲ್ಲದ ಸುಂದರ ಚಿತ್ರಕ್ಕಿಂತ ಮೇಲು. ಈ ರಜೆಯಲ್ಲಿ ಕೋಟೆಗೋ ಕಟ್ಟೆಗೋ ಹೋಗುವಾಗ ಕ್ಯಾಮರಾದ ಜೊತೆ ಒಂದು ಟಿಪ್ಪಣಿ ಪುಸ್ತಕವನ್ನೂ ಒಯ್ಯಿರಿ.